ಗಡ್ಡೆವ್ವನ ಎಡಗಣ್ಣು

ಮೊನ್ನೆ ರಾಯಚೂರಿನಲ್ಲಿ ಪಕ್ಕದ ಮನೆಯವರು ಹುಣಸೆಬೀಜ ಹುರಿದರು. ವಾಸನೆ ಕಿಟಕಿಯೊಳಗೆ ಬಂದದ್ದೇ ತಡ, ನನ್ನ ಎದೆ ಝಲ್ಲೆಂದಿತು. ಹುರಿದ ಬೀಜದ ವಾಸನೆಗೆ ಹೆದರುವವರನ್ನು ನೀವು ಕಂಡಿರಲಿಕ್ಕಿಲ್ಲ. ನನ್ನ ದೊಡ್ಡವ್ವ ಅದೇ ಬೀಜ ಹುರಿದು, ಬೀಸಿ, ಕುದಿಸಿ ಅಂಟು ಮಾಡುತ್ತಿದ್ದಳು. ಬಣ್ಣಗಳನ್ನೆಲ್ಲ ಅದರಲ್ಲೇ ಕಲಸುತ್ತಿದ್ದಳು. ದೇವದುರ್ಗದ ಕಡೆ, ಕೃಷ್ಣೆಯ ನಡುವಿನ ಒಂದು ಗಡ್ಡೆ ನಮ್ಮೂರು. ಸುತ್ತಲೂ ನೀರು, ನಡುವೆ ಮೂವತ್ತು ಮನೆ, ದಾಟಲಿಕ್ಕೆ ಹರಗೋಲು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ, ಊರಿನ ಕಟ್ಟಿಗೆಯ ದೇವಿ ಗಡ್ಡೆವ್ವನಿಗೆ ಬಣ್ಣ ಬರೆಯುವವಳೂ ದೊಡ್ಡವ್ವನೇ. ಗಂಡ ತೀರಿದ ಮೇಲೆ ಅವನ ಕುಂಚ ಹಿಡಿದವಳು. ಆಕೆಯ ಸೆರಗಿಗೆ ಸದಾ ಅರಿಶಿನ, ಕಾಡಿಗೆ, ಅಂಟಿನ ವಾಸನೆ. ಅದನ್ನು ಮುಖಕ್ಕೆ ಒತ್ತಿಕೊಂಡರೇ ನನಗೆ ನಿದ್ದೆ ಬರುತ್ತಿತ್ತು.

ಊರಿಗೊಂದು ಕಟ್ಟಳೆಯಿತ್ತು. ನಿಜಾಮರ ಕಾಲದಲ್ಲಿ ಯಾರೋ ಒಬ್ಬ ಸಾಹೇಬ, ಚಂದ ಕಂಡಳೆಂದು ಹಳೆಯ ದೇವಿಯನ್ನು ಹೈದರಾಬಾದಿಗೆ ಒಯ್ದನಂತೆ. ಆಕೆ ತಿರುಗಿ ಬರಲಿಲ್ಲ. ಅಂದಿನಿಂದ ಕಣ್ಣು ಬರೆದ ದೇವಿ ಹೊಳೆ ದಾಟುವಂತಿಲ್ಲ. ಕಣ್ಣಿಲ್ಲದಿದ್ದರೆ ಅದು ಬರೀ ಕಟ್ಟಿಗೆ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ನನಗೆ ಎಂಟು ವರ್ಷವಿದ್ದಾಗ, ದೊಡ್ಡವ್ವ ಹೊಸ ಬಣ್ಣ ಮುಗಿಸಿ ಕಣ್ಣು ಬರೆಯಲು ಕೂತ ಮಧ್ಯಾಹ್ನವೇ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು. ಎಡಗಣ್ಣು ಮುಗಿದಿತ್ತು, ಬಲಗಣ್ಣು ಬಾಕಿ. ನೋಡನೋಡುತ್ತ ಹೊಳೆ ಗುಡಿಯ ಮೆಟ್ಟಿಲೇರಿತು. ನಮ್ಮನ್ನು ಸಾಗಿಸುತ್ತಿದ್ದ ಮೋಟರ್ ದೋಣಿ ಕೊನೆಯ ಸಲ ಬಂದಾಗ ದೊಡ್ಡವ್ವ ದೇವಿಯನ್ನು ಅವಚಿಕೊಂಡು ನೀರಿಗಿಳಿದಳು. ಪೂಜಾರಿ ಯಂಕಪ್ಪಜ್ಜ ಅಡ್ಡ ನಿಂತ.

"ಒಂದ್ ಕಣ್ಣು ಬಿಟ್ಟಾಳವ್ವಾ. ದಾಟಿಸಾಕ ಬರಂಗಿಲ್ಲ. ಗುಡ್ಯಾಗ ಇಟ್ಟು ಬಾ."

"ಇಟ್ರ ಹೊಳಿ ಒಯ್ತದ. ಹಂಗಾರ ನಾನೂ ಆಕಿ ಕೂಡ ಇರ್ತೀನಿ. ಈ ಕೂಸಿನ್ನ ಕರಕೊಂಡ್ ಹೋಗ್ರಿ."

ನಾನು ಆಗಲೇ ದೋಣಿಯಲ್ಲಿದ್ದೆ. ಕೆಂಪು ನೀರು ಆಕೆಯ ಮೊಣಕಾಲು ದಾಟಿ ಸೊಂಟಕ್ಕೆ ಬರುತ್ತಿತ್ತು. "ಯವ್ವಾ, ಬಾ ಬೇ!" ಎಂದು ಕಿರುಚಿದೆ. ಆಕೆ ನನ್ನನ್ನು ನೋಡಿದಳು, ದೇವಿಯನ್ನು ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಹೊಳೆಯಲ್ಲಿ ಅದ್ದಿ ಆ ಎಡಗಣ್ಣನ್ನು ಒರೆಸಿಬಿಟ್ಟಳು. ಕಾಡಿಗೆ ಇನ್ನೂ ಹಸಿಯಾಗಿತ್ತು, ಒಂದೇ ಸಲಕ್ಕೆ ಹೋಯಿತು. "ಈಗ ಕಟ್ಟಿಗಿ ಅದ. ಹತ್ತಿಸ್ಕೋರಿ," ಅಂದಳು. ಯಂಕಪ್ಪಜ್ಜ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ದೋಣಿಯಲ್ಲಿ ಎಲ್ಲರೂ ಆಕೆಯಿಂದ ಸರಿದು ಕೂತರು. ನಾನೂ ಸರಿದೆ. ಕಪ್ಪು ಹತ್ತಿದ ಆ ಸೆರಗನ್ನು ಮುಟ್ಟಲು ಹೆದರಿದೆ. ನನ್ನನ್ನು ಇವತ್ತಿಗೂ ಕೊರೆಯುವುದು ಅದೇ.

ಊರು ಮತ್ತೆ ಗಡ್ಡೆಗೆ ಹೋಗಲಿಲ್ಲ. ದಂಡೆಯ ಮೇಲೆ ಹೊಸ ಗುಡಿಯಾಯಿತು. ಬೇರೆ ಕಡೆಯಿಂದ ಕರೆಸಿದ ಯಾರೋ ಒಬ್ಬ ಗಡ್ಡೆವ್ವನಿಗೆ ಆಯಿಲ್ ಪೇಂಟಿನ ಕಣ್ಣು ಬರೆದ. ದೊಡ್ಡವ್ವನನ್ನು ಯಾರೂ ಕರೆಯಲಿಲ್ಲ, ಆಕೆಯೂ ಹೋಗಲಿಲ್ಲ. ಮಾನ್ವಿಯಲ್ಲಿ ಬಾಡಿಗೆ ಖೋಲಿ ಹಿಡಿದು ರೈಸ್‌ಮಿಲ್ಲುಗಳ ಬೋರ್ಡು ಬರೆದು ನನ್ನನ್ನು ಓದಿಸಿದಳು. ಒಮ್ಮೆ ಮಿಲ್ಲಿನವರೊಬ್ಬರು ಗಿಳಿಯ ಚಿತ್ರ ಬೇಕೆಂದರು. ಗರಿ, ಕೊಕ್ಕು ಎಲ್ಲ ಜೀವಂತವಾಗಿ ಬರೆದಳು, ಕಣ್ಣು ಮಾತ್ರ ಬರೆಯಲಿಲ್ಲ. ಕೊನೆಗೆ ಮಾಲೀಕನೇ ಒಂದು ಚುಕ್ಕೆ ಇಟ್ಟುಕೊಂಡ.

ಹೋದ ವರ್ಷ ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ದೊಡ್ಡವ್ವ, ಯಾರೂ ಇಲ್ಲದ ಹೊತ್ತು ನೋಡಿ ಕೇಳಿದಳು: "ಅವತ್ತು ಅಳಿಸಿದ್ದು ನೀ ನೋಡಿದ್ದೇನವ್ವಾ?"

"ನೋಡೀನಿ. ನನ್ನ ಸಲುವಾಗಿ ಅಳಿಸಿದಿ. ಪಾಪ ಬಂದ್ರ ನನಗ ಬರ್ಲಿ," ಅಂದೆ.

"ಪಾಪದ ಮಾತಲ್ಲ ಬೇ. ಒರಸೋ ಮುಂದ ಗಡ್ಡೆವ್ವ ಆ ಒಂದ್ ಕಣ್ಣೀಲೆ ನನ್ನ ನೋಡಾಕತ್ತಿದ್ಳು. ಆಕಿನೂ ಹೆದರಿದ್ಳು, ನಿನ್ನಂಗ."

ಮರುದಿನ ಬೆಳಿಗ್ಗೆ ದೊಡ್ಡವ್ವನ ಕಣ್ಣುಗಳನ್ನು ನಾನೇ ಮುಚ್ಚಿದೆ.