ತನ್ನನ್ನು ತಾನೇ ಮಾತಾಡಿಸಿಕೊಂಡು ಬಂದ ಚಿಕ್ಕಲಕ್ಷ್ಮಮ್ಮ

ಹಳ್ಳಿಮೈಸೂರಿನ ಸುತ್ತಮುತ್ತ ಯಾರಾದರೂ ಹಾಸಿಗೆ ಹಿಡಿದರು ಅಂತ ಚಿಕ್ಕಲಕ್ಷ್ಮಮ್ಮನ ಕಿವಿಗೆ ಬಿದ್ದರೆ ಮುಗೀತು. ಒಲೆ ಮೇಲಿನ ಸಾರು ಒಲೆ ಮೇಲೇ ಇರಲಿ, ಒಳ್ಳೆ ಸೀರೆ ಸುತ್ತಿಕೊಂಡು, ಬೇಕರಿಯಲ್ಲಿ ಬ್ರೆಡ್ಡು, ಅಂಗಡಿಯಲ್ಲಿ ಕಿತ್ತಳೆ ತಗೊಂಡು ಹೊರಟಳು ಅಂತಲೇ ಲೆಕ್ಕ. ನಮ್ಮ ಕಡೆ ಇದಕ್ಕೆ ಮಾತಾಡಿಸಿಕೊಂಡು ಬರೋದು ಅಂತಾರೆ. ಕಾಲು ಮುರಿದೋರು, ಗರ್ಭಕೋಶ ತೆಗೆಸಿದೋರು, ಹಾವು ಕಚ್ಚಿ ಉಳಿದೋರು, ಯಾರೇ ಆಗಲಿ, ಕಣ್ಣು ಬಿಟ್ಟರೆ ಮಂಚದ ಪಕ್ಕ ಇವಳ ಮುಖವೇ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಗಂಡ ನಂಜಪ್ಪ ಗೊಣಗೋನು. ಗೊಣಗಲಿ ಬಿಡಿ, ಅವನ ಬಾಯಿ ಇದ್ದದ್ದೇ ಅದಕ್ಕೆ.

ಅದೇ ಚಿಕ್ಕಲಕ್ಷ್ಮಮ್ಮನ ಸೊಂಟ ಎಷ್ಟೋ ವರ್ಷದಿಂದ ನೋಯುತ್ತಿತ್ತು. ಕಳೆ ಕೀಳೋಕೆ ಬಗ್ಗಿದರೆ ನೋವು, ಎದ್ದರೆ ನೋವು, ಸುಮ್ಮನೆ ಮಲಗಿದರೆ ಇನ್ನೂ ಜಾಸ್ತಿ. ಒಂದು ನರಪಿಳ್ಳೆಯೂ ಬಂದು ವಿಚಾರಿಸಿರಲಿಲ್ಲ. ಮಾತಾಡಿಸೋದಕ್ಕೂ ಒಂದು ಕಾನೂನಿದೆ ನೋಡಿ. ಪಟ್ಟಿ ಕಟ್ಟಿರಬೇಕು, ಇಲ್ಲ ಹೊಲಿಗೆ ಬಿದ್ದಿರಬೇಕು, ಅದೂ ಇಲ್ಲ ಅಂದರೆ ಒಂದು ಬಾಟ್ಲಿ ಗ್ಲೂಕೋಸಾದರೂ ಏರಿರಬೇಕು. ಬರೀ ನೋವಿಗೆ ಯಾರು ಬ್ರೆಡ್ಡು ತರ್ತಾರೆ?

ಹಾಸನದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟ್ರು ಫಿಲಂ ಬೆಳಕಿಗೆ ಹಿಡಿದು "ಅಂಥದ್ದೇನೂ ಕಾಣ್ತಿಲ್ಲ" ಅಂದುಬಿಟ್ಟರು. ನಂಜಪ್ಪನಿಗೆ ಅದೇ ಸುಪ್ರೀಂ ಕೋರ್ಟಿನ ತೀರ್ಪಾಯಿತು. "ಏನೂ ಇಲ್ವಂತೆ ಕಣೆ! ಅಷ್ಟ್ ದೊಡ್ ಮಿಷಿನ್‌ಗೇ ಕಾಣ್ದಿದ್ದು ನಿಂಗೆಂಗೆ ಕಾಣ್ತು?" ಅಂದ. ಊರೋರು ಕೇಳದಿದ್ದರೆ ಅತ್ತ ಬಿದ್ದುಹೋಗಲಿ, ಈ ಮನುಷ್ಯ ಒಂದೇ ಒಂದು ದಿನ ತಾನಾಗಿ ತಾನೇ "ಎಂಗದೆ ನಿನ್ ಸೊಂಟ?" ಅಂತ ಕೇಳಬಾರದೇ ಅನ್ನೋದು ಚಿಕ್ಕಲಕ್ಷ್ಮಮ್ಮನ ಆಸೆ. ಅದೊಂದು ಮಾತಿಗೆ ಅವಳು ಕಾದು ಕಾದು ಸೋತಿದ್ದಳು. ಕೇಳಿಸಿಕೊಳ್ಳೋಕೆ ಹೋಗಿ ಹಂಗಿಸಿಕೊಳ್ಳೋದು ಬೇಡ ಅಂತ ಅವಳೂ ಬಾಯಿ ಬಿಡುತ್ತಿರಲಿಲ್ಲ.

ಆ ಡಾಕ್ಟ್ರೇ ಅವಳನ್ನ ನೋವಿನ ಗುಂಪಿಗೆ ಕಳಿಸಿದ್ದು. ಗುರುವಾರ ಗುರುವಾರ ಹಾಸನದಲ್ಲಿ, ವಾಸಿಯಾಗದ ನೋವಿನವರೆಲ್ಲ ಪ್ಲಾಸ್ಟಿಕ್ ಕುರ್ಚಿ ದುಂಡಗೆ ಹಾಕಿಕೊಂಡು ಕೂತು ಮಾತಾಡಬೇಕು. "ಮಾತ್ರೆ ಕೊಡೋದ್ ಬುಟ್ಟು ಮಾತ್ ಕೊಡ್ತರಂತಾ? ಬಸ್ಸಿಗೆಂಗೂ ಕಾಸ್ ಕೊಡಂಗಿಲ್ಲ, ಓಗ್ಬಾ" ಅಂದ ನಂಜಪ್ಪ. ಹೆಂಗಸರಿಗೆ ಬಸ್ಸು ಫ್ರೀ ಆಗದೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗುಂಪು ನಡೆಸೋಳು ಶೋಭಿತಾ ಅಂತ, ಮನಶ್ಶಾಸ್ತ್ರ ಓದಿದ ಚಿಕ್ಕ ವಯಸ್ಸಿನ ಹುಡುಗಿ, ತುಂಬಾ ನಯದ ಮಾತು. ಚನ್ನರಾಯಪಟ್ಟಣದಿಂದ ಕತ್ತುನೋವಿನ ನಾಗಲಕ್ಷ್ಮಿ ಟೀಚರ್ ಬಂದಿದ್ದರು. ಅರಕಲಗೂಡು ತಾಲ್ಲೂಕಿನ ಕೊಣನೂರಿಂದ ಗಂಗಯ್ಯ, ಲೈನ್‌ಮನ್ ಆಗಿದ್ದು ರಿಟೈರಾದೋನು, ಕಂಬ ಹತ್ತಿ ಹತ್ತಿ ಭುಜ ಹೋಗಿತ್ತು. ಮೊದಲ ದಿನ ಎಲ್ಲರೂ ನಂದು ಹೆಚ್ಚು ನಿಂದು ಕಮ್ಮಿ ಅಂತ ಹರಾಜಿಗೆ ನಿಂತರು. "ಇಲ್ಲಿ ಯಾರ ನೋವನ್ನೂ ಯಾರ ನೋವಿಗೂ ಹೋಲಿಸೋದು ಬೇಡ" ಅಂದಳು ಶೋಭಿತಾ. ಹೋಲಿಸೋದು ಬೇಡ ಅಂದಮೇಲೆ ಮಾತಾಡೋಕೆ ಯಾರ ಹತ್ತಿರವೂ ಏನೂ ಉಳಿಯಲಿಲ್ಲ.

ಚಿಕ್ಕಲಕ್ಷ್ಮಮ್ಮ ಮಾತ್ರ ಅಲ್ಲೂ ಕಿತ್ತಳೆ ಚೀಲ ತಂದಿದ್ದಳು. ಒಬ್ಬೊಬ್ಬರ ಮುಂದೆಯೂ ಕುರ್ಚಿ ಎಳೆದುಕೊಂಡು, ಹಣ್ಣು ಕೈಗಿಟ್ಟು, ಎಂದಿನಿಂದ, ಎಲ್ಲಿ, ಹ್ಯಾಗೆ ಅಂತ ಎಲ್ಲಾ ಕೇಳಿ ಮುಗಿಸಿದಳು. ಅವಳ ಸರದಿ ಬಂದಾಗ "ನಂದೇನಿಲ್ಲ ಬುಡವ್ವ" ಅಂತ ನಕ್ಕಳು. ಶೋಭಿತಾ ನಗಲಿಲ್ಲ.

"ನೋಡೀಮ್ಮಾ, ನಮ್ಮ ಮೇಲೆ ನಮಗೂ ಕರುಣೆ ಇರಬೇಕು. ನಿಮ್ಮ ಪ್ರೀತಿಯ ಗೆಳತಿಗೇ ಈ ಸೊಂಟನೋವು ಬಂದಿದ್ದರೆ ಏನು ಮಾಡ್ತಿದ್ರಿ? ಮುಂದಿನ ವಾರದೊಳಗೆ ಅದನ್ನೇ ನಿಮಗೆ ನೀವೇ ಮಾಡ್ಕೊಂಡು ಬನ್ನಿ. ಎಲ್ಲರಿಗೂ ಇದೇ ಹೋಂವರ್ಕು."

ಗಂಗಯ್ಯ ಭುಜ ತಿಕ್ಕಿಕೊಂಡ. "ನಾನಾದ್ರೆ ಗೆಳೆಯಂಗೆ 'ಸಾಯ್ಲಾ ಅತ್ಲಾಗೆ, ಬಾ ಟೀ ಕುಡ್ಯನ' ಅಂತೀನಿ ಮೇಡಂ."

"ಪ್ರೀತಿಯಿಂದ ಅಂತೀರಾ?"

"ಇನ್ನೇನ್ ಮತ್ತೆ?"

"ಹಾಗಾದ್ರೆ ಅದನ್ನೇ ಅಂದ್ಕೊಳ್ಳಿ" ಅಂದಳು ಶೋಭಿತಾ, ಸ್ವಲ್ಪ ಯೋಚನೆ ಮಾಡಿ.

ಚಿಕ್ಕಲಕ್ಷ್ಮಮ್ಮನಿಗೆ ಯೋಚನೆಯೇ ಬೇಕಿರಲಿಲ್ಲ. ಗೆಳತಿಗೆ ಸೊಂಟ ಹಿಡಿದಿದ್ದರೆ ಅವಳು ಏನು ಮಾಡುತ್ತಿದ್ದಳು? ಮಾತಾಡಿಸಿಕೊಂಡು ಬರುತ್ತಿದ್ದಳು! ಹಳ್ಳಿಮೈಸೂರಲ್ಲಿ ಬಸ್ಸಿಳಿದು ಬ್ರೆಡ್ಡು ತಗೊಂಡಳು. ಬೇಕರಿಯವನು "ಯಾರ್ಗಕ್ಕಾ ಉಶಾರಿಲ್ಲ?" ಅಂದ. "ನಂಗೇ ಕಣಪ್ಪ" ಅಂದಾಗ ಚಿಲ್ಲರೆ ಕೊಡೋದನ್ನೇ ಮರೆತ.

ಮಾರನೇ ದಿನ ನಂಜಪ್ಪ ಗದ್ದೆ ಕಡೆ ಹೋದಮೇಲೆ ಒಳ್ಳೆ ಸೀರೆ ಉಟ್ಟು, ಹಿತ್ತಲ ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಬಂದಳು. "ಚಿಕ್ಕಲಕ್ಷ್ಮಮ್ಮಾ, ಇದ್ದೀಯವ್ವಾ?" ಅಂತ ಕೂಗಿ ಚಪ್ಪಲಿ ಬಿಟ್ಟಳು. ಆಮೇಲೆ ಓಡಿಹೋಗಿ ಮಂಚದ ಮೇಲೆ ಮಲಗಿಕೊಂಡು, ಕ್ಷೀಣವಾಗಿ, "ಬಾರವ್ವ ತಾಯಿ, ಕುಂತ್ಕೊ" ಅಂದಳು. ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಕಾಫಿ ಕುಡಿ ಅಂದಳು, ಈಗ ತಾನೇ ಕುಡ್ಕಂಡ್ ಬಂದೆ ಅಂದಳು, ಅಂಗನ್ನಬ್ಯಾಡ ಒಂದ್ ಲೋಟ ಅಂದಳು, ಅರ್ಧ ಮಾತ್ರ ಅಂದಳು. ಅರ್ಧ ಲೋಟ ಕಾಫಿ ಮಾಡಿಕೊಂಡು ಬಂದು ಕುಡಿದಳು. ಈ ಹತ್ತೋದು ಇಳಿಯೋದರಲ್ಲಿ ಸೊಂಟ ಸತ್ತೇ ಹೋಯಿತು ಅನ್ನಿ.

ಅಷ್ಟರವರೆಗೂ ಎಲ್ಲ ಸರಿಯಾಗೇ ಇತ್ತು. ಕುರ್ಚಿಯಲ್ಲಿ ಕೂತವಳು ಅಭ್ಯಾಸಬಲದಿಂದ ಶುರು ಮಾಡಿದಳು. "ಉಶಾರವ್ವ. ನಮ್ ದೊಡ್ಡಮ್ಮನ್ ಮಗಳಿಗೂ ಇಂಗೇ ಸೊಂಟದಲ್ಲೇ ಸುರುವಾಗಿದ್ದು. ಏನಿಲ್ಲ ಏನಿಲ್ಲ ಅಂತಿದ್ರು. ಎಂಗಿದ್ದೋಳು! ಶಿವರಾತ್ರಿಗೆ ಮಲಿಕ್ಕಂಡೋಳು ಯುಗಾದಿ ಕಾಣ್ನಿಲ್ಲ." ಎಲ್ಲ ರೋಗಿಗಳ ಹತ್ತಿರವೂ ಅವಳು ಇದೇ ಥರದ್ದು ಒಂದೆರಡು ಹೇಳದೆ ಎದ್ದು ಬಂದವಳಲ್ಲ. ಮಂಚಕ್ಕೆ ಹೋಗಿ ಮಲಗಿ ಆ ಮಾತು ಕೇಳಿಸಿಕೊಂಡಾಗ ಮಾತ್ರ ದಡಕ್ಕನೆ ಎದ್ದು ಕೂತಳು. ಅಯ್ಯೋ ಶಿವನೇ, ಇಷ್ಟು ದಿನ ನಾನು ಜನರನ್ನ ಮಾತಾಡಿಸ್ತಿದ್ದೆನೋ, ಸಾಯಿಸ್ತಿದ್ದೆನೋ! ನಾಚಿಕೆಗೂ ಹೆದರಿಕೆಗೂ ಒಟ್ಟಿಗೇ ಅತ್ತಳು.

ಮುಂದಿನ ಗುರುವಾರ ಗುಂಪಿನಲ್ಲಿ ಎಲ್ಲಾ ಹೇಳಿದಳು. "ಬಂದಿದ್ದೋಳು ಸರಿ ಇರ್ನಿಲ್ಲ ಕಣವ್ವ. ಬಾಯ್ ಬಡುಕಿ."

ನಾಗಲಕ್ಷ್ಮಿ ಟೀಚರ್ ಕತ್ತುನೋವು ಮರೆತು ನಕ್ಕು, ಆಮೇಲೆ ಕತ್ತು ಹಿಡಿದುಕೊಂಡರು. ಶೋಭಿತಾ ತಾನು ಓದಿದ್ದನ್ನೆಲ್ಲ ಮನಸ್ಸಲ್ಲೇ ತಿರುವಿ ಹಾಕಿದಳೇನೋ. ಇಂಥದ್ದು ಎಲ್ಲೂ ಸಿಕ್ಕಿರಲಿಕ್ಕಿಲ್ಲ. "ಈ ಸಲ ಬಂದಾಗ ಅವಳಿಗೆ ಸುಮ್ನೆ ಕೂತ್ಕೊಳ್ಳೋಕೆ ಹೇಳಿ. ಏನೂ ಮಾತು ಬೇಡ. ಪಕ್ಕದಲ್ಲಿ ಇದ್ದರೆ ಸಾಕು" ಅಂದಳು.

ಹಾಗೇ ಮಾಡಿದಳು. ಬಾಗಿಲಿಂದ ಬಂದು, ಮಂಚದ ಮೇಲೆ ತನ್ನ ಪಕ್ಕ ತಾನೇ ಕೂತು, ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಆ ಜಾಗವನ್ನ ಅಷ್ಟು ವರ್ಷ ಬೈದಿದ್ದಳು, ಗುದ್ದಿದ್ದಳು, ಮೆತ್ತಗೆ ಮುಟ್ಟಿದ್ದು ಅದೇ ಮೊದಲು. ಪಾಪ ಕಣೆ ನೀನು, ಎಷ್ಟು ನೊಂದಿದ್ದೀಯ ಅನ್ನಿಸಿತು. ನೋವೇನೂ ಹೋಗಲಿಲ್ಲ, ಆದರೂ ಮನಸ್ಸು ಹಗುರಾಯಿತು. ಪಕ್ಕದ ಮನೆ ನಂಜಮ್ಮ ಕಿಟಕಿಯಲ್ಲಿ ಇಣುಕಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಗಂಗಯ್ಯ, ನಾಗಲಕ್ಷ್ಮಿ ಟೀಚರ್ ಇಬ್ಬರೂ ಬ್ರೆಡ್ಡು ಹಿಡಿದು ಬಂದರು. "ನೀವೊಬ್ರೇ ಎಷ್ಟೂಂತ ಹತ್ತಿ ಇಳೀತೀರಾ? ಬರೋ ಪಾರ್ಟು ನಾವು ಮಾಡ್ತೀವಿ, ನೀವು ಮಲಕ್ಕಳಿ" ಅಂದ ಗಂಗಯ್ಯ. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಜನ್ಮದಲ್ಲಿ ಅವಳನ್ನ ಅಂತ ನೋಡೋಕೆ ಬಂದವರು ಅವರೇ ಮೊದಲು.

ಅವರು ಬಸ್ಸು ಹತ್ತೋದೇ ತಡ, ನಂಜಮ್ಮ ಊರೆಲ್ಲ ಸುತ್ತಿದಳು. ಚನ್ನರಾಯಪಟ್ಟಣದೋರು ಬಂದು ನೋಡ್ಕಂಡೋದ್ರಂತೆ, ಕೊಣನೂರೋರು ಬಂದಿದ್ರಂತೆ, ಊರಲ್ಲಿರೋ ನಾವೇ ಹೋಗಿಲ್ಲ ಅಂದರೆ ನಾಳೆ ಮಾತು ಬರಲ್ವೇ? ಹೊರಗಿನೋರು ಬಂದುಹೋದ ಮನೆಗೆ ಊರೋರು ಬರದಿದ್ದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಇವಳಿಂದ ಮಾತಾಡಿಸಿಕೊಂಡಿದ್ದವರೆಲ್ಲ ಋಣ ತೀರಿಸೋಕೆ ಹೊರಟರು. ಸಂಜೆಗೆ ಮನೆ ಮುಂದೆ ಚಪ್ಪಲಿ ರಾಶಿ. ಬಂದವರ ಮುಂದೆ ರೋಗಿ ಓಡಾಡೋದು ಮರ್ಯಾದೆಯಲ್ಲ ಅಂತ ಚಿಕ್ಕಲಕ್ಷ್ಮಮ್ಮ ಮಲಗಲೇಬೇಕಾಯಿತು. ಮಲಗಿದ್ದಕ್ಕೇ ಸೊಂಟ ಇನ್ನಷ್ಟು ಹಿಡಿಯಿತು.

ಈಗ ಸಿಕ್ಕಿಬಿದ್ದೋನು ನಂಜಪ್ಪ. ಕಾಫಿ ಕಾಯಿಸೋದು ಅವನು, ಬಂದೋರಿಗೆ ರೋಗದ ಕಥೆ ಹೇಳಬೇಕಾದ ಮನೆ ಯಜಮಾನನೂ ಅವನೇ. ಮೊದಲು ಬಂದ ಚನ್ನಪ್ಪ, "ಏನಾಗದೆ ನಂಜಪ್ಪಣ್ಣ?" ಅಂದ.

"ಏನೂ ಇಲ್ಲ ಕಣ್ಲಾ."

ಚನ್ನಪ್ಪನ ಮುಖ ಇಳಿದುಹೋಯಿತು. ಮನೆಯೋರೇ ಬಾಯಿಬಿಟ್ಟು ಏನೂ ಇಲ್ಲ ಅಂದರೆ ಅದು ಹೇಳಬಾರದ ಕಾಯಿಲೆಯೇ ಅಂತ ಊರಿಗೆಲ್ಲ ಗೊತ್ತು. ಅವನ ಹಿಂದೆಯೇ ಬಂದಿದ್ದ ನಂಜಮ್ಮ ಕಣ್ಣೊರೆಸಿಕೊಂಡಳು. "ಧೈರ್ಯ ತಗೊಳಣ್ಣ. ನೆಂಟರಿಷ್ಟರಿಗೆಲ್ಲ ಒಂದ್ ಮಾತು ತಿಳ್ಸಿದ್ದೀಯಾ?" ಅಂದ ಚನ್ನಪ್ಪ ಮೆಲ್ಲಗೆ.

"ಅಯ್ ನಿನ್ನ ಮನೆ ಕಾಯೋಗ! ಸೊಂಟನೋವು ಕಣ್ಲಾ!"

"ಎಲ್ಲಿ? ಯಾವಾಗಿಂದ? ಬಗ್ಗುದ್ರೋ ಎದ್ರೋ?"

ನಂಜಪ್ಪನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಕಾಫಿ ಲೋಟ ಚನ್ನಪ್ಪನ ಕೈಗೆ ತುರುಕಿ ಒಳಗೆ ನುಗ್ಗಿದ. "ಲೇ, ಬಿರ್‍ರನೆ ಯೇಳ್ಬುಡು. ಎಲ್ಲಿ ನೋಯ್ತದೆ?"

ಅಷ್ಟು ವರ್ಷ ಕಾದ ಮಾತು ಬಂದೇ ಬಂತು. ಯಾರಿಗೋಸ್ಕರ? ಚನ್ನಪ್ಪನಿಗೋಸ್ಕರ! ಚಿಕ್ಕಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಬಂದೋರ್ಗೆ ವರದಿ ಒಪ್ಸಕ್ ಬೇಕಾಗಿತ್ತಾ?" ಅಂದಳು. ಆದರೂ ಕೇಳಿದ್ದಾನಲ್ಲ, ಹೇಳಿದಳು. ಬಲಗಡೆ ಶುರುವಾಗಿ ತೊಡೆವರೆಗೂ ಇಳಿಯೋದು, ಮುದ್ದೆ ತೊಳಸುವಾಗ ಚಳುಕು ಹೊಡೆಯೋದು, ಹಸುವಿನ ಕೆಚ್ಚಲ ಹತ್ತಿರ ಕುಕ್ಕರಗಾಲಲ್ಲಿ ಕೂತವಳಿಗೆ ಎದ್ದೇಳೋಕಾಗದೆ ಹಸುವಿನ ಕಾಲನ್ನೇ ಹಿಡಿದುಕೊಳ್ಳೋದು. ನಂಜಪ್ಪ ನಿಂತೇ ಇದ್ದ. ಆಚೆಯಿಂದ ಚನ್ನಪ್ಪ ಎರಡು ಸಲ ಕೂಗಿದ, ಇವನಿಗೆ ಕೇಳಿಸಲಿಲ್ಲ.

ಆಮೇಲೆ ನೋಡಬೇಕಿತ್ತು ಆ ಮಹರಾಯನನ್ನ. ಬಂದೋರಿಗೆಲ್ಲ ಹೆಂಡತಿ ಸೊಂಟದ ಪುರಾಣ ಹೇಳಿದ್ದೇ ಹೇಳಿದ್ದು. ತಪ್ಪಿದರೆ ಒಳಗಿಂದ "ಎಡಕ್ಕಲ್ಲ ಕಣಿ, ಬಲಕ್ಕೆ!" ಅಂತ ತಿದ್ದುಪಡಿ ಬರೋದು. ಡೇರಿ ಮುಂದೆ ಯಾರೋ ಮಂಡಿನೋವು ಅಂದರೆ, "ಅದ್ಯಾವ್ ನೋವು ಬುಡ್ಲಾ, ನಮ್ಮೋಳ್ದ್ ಕೇಳು" ಅಂತ ಎದೆ ಉಬ್ಬಿಸೋನು. ಗುಂಪಿನಲ್ಲಿ ಹೋಲಿಸಬಾರದು ಅಂದದ್ದನ್ನ ಅವನಿಗೆ ಯಾರು ಹೇಳಬೇಕು?

ಚಿಕ್ಕಲಕ್ಷ್ಮಮ್ಮನಿಗೆ ಒಳಗೊಳಗೇ ಅಳುಕು. ಇದೆಲ್ಲ ಸಭೆ ಇರೋವರೆಗೆ. ಜನ ನಿಂತಮೇಲೆ ಇವನೂ ನಿಲ್ಲಿಸುತ್ತಾನೆ, ಮತ್ತೆ ಮಿಷಿನ್ನು, ಮತ್ತೆ ಏನೂ ಇಲ್ಲ. ಜನ ಬರೋದು ಕಮ್ಮಿಯಾಗುತ್ತಾ ಬಂದಂತೆ ಅವಳಿಗೆ ಊಟ ಸೇರದಾಯಿತು. ಯಾರೂ ಬರದೇ ಹೋದರೂ ನಾನಿದ್ದೀನಲ್ಲ, ನಾನೇ ಬಂದು ಪಕ್ಕದಲ್ಲಿ ಕೂರ್ತೀನಿ ಅಂತ ತನಗೆ ತಾನೇ ಹೇಳಿಕೊಂಡಳು. ಅದು ನಿಜವೇ. ಆದರೂ ಇನ್ನೊಬ್ಬರ ಬಾಯಿಂದ ಬರಬೇಕಾದ್ದು ಇನ್ನೊಬ್ಬರ ಬಾಯಿಂದಲೇ ಬರಬೇಕು.

ಊರೆಲ್ಲ ಬಂದುಹೋಗಿ ಮುಗಿದ ಮೇಲೆ ಒಂದು ಬೆಳಿಗ್ಗೆ. ಬಾಗಿಲಲ್ಲಿ ಒಂದು ಚಪ್ಪಲಿಯೂ ಇರಲಿಲ್ಲ. ಚಿಕ್ಕಲಕ್ಷ್ಮಮ್ಮ ಮಂಚದ ಮೇಲೆ ಎದ್ದು ಕೂತು, ಕಾಲು ಕೆಳಗಿಡೋಕೆ ಧೈರ್ಯ ಕೂಡಿಸುತ್ತಿದ್ದಳು. ಹಾಲಿನ ಕ್ಯಾನು ಹಿಡಿದು ಹೊಸ್ತಿಲು ದಾಟಿದ್ದ ನಂಜಪ್ಪ ವಾಪಸು ತಿರುಗಿ ಬಂದ.

"ಎಂಗದೆ ಇವತ್ತು?"

ಅವಳು ಗಡಿಬಿಡಿಯಲ್ಲಿ ಸೆರಗು ಸರಿಮಾಡಿಕೊಂಡು, ಮತ್ತೆ ಮಲಗೋಕೆ ಹೋಗಿ, ಬಾಗಿಲ ಕಡೆ ಕತ್ತು ಚಾಚಿದಳು. "ಯಾರ್ ಬಂದವ್ರೆ?"

"ಯಾರೂ ಬಂದಿಲ್ಲ ಕಣೆ" ಅಂದ ನಂಜಪ್ಪ. "ನಾನೇ ಕೇಳ್ದೆ."