ಒದ್ದೆ ಕೈಯ ಪರೀಕ್ಷೆ

ಆಕೆಗೆ ಸಂಬಳ ಕೊಡುತ್ತಿದ್ದದ್ದು ಮುರಿಯುವುದಕ್ಕೆ. ಬಟ್ಟೆ ಒಗೆಯುವ ಮೆಷಿನ್ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಜೋಡಿಸುವವರು ಮುನ್ನೂರು ಜನ, ಮುರಿಯುವವರು ಇಬ್ಬರೇ. ಆ ಇಬ್ಬರಲ್ಲಿ ಹಿರಿಯಳಾದ ಆಕೆಯನ್ನು ಎಲ್ಲರೂ ಮುರುಕಮ್ಮ ಎನ್ನುತ್ತಿದ್ದೆವು. ಮೊದಮೊದಲು ಬೆನ್ನ ಹಿಂದೆ. ಒಂದು ದಿನ ಆಕೆಯೇ ಫೋನೆತ್ತಿ "ಹಲೋ, ಮುರುಕಮ್ಮ ಮಾತಾಡ್ತಿರೋದು" ಎಂದ ಮೇಲೆ ಎದುರಿಗೇ. ನಾನು ಸ್ಟೋರಿನವನು. ಬಿಡಿಭಾಗಗಳ ಪೆಟ್ಟಿಗೆ ಇಳಿಸಿಕೊಂಡು ಒಳಗೆ ಕಳಿಸುವುದು ನನ್ನ ಕೆಲಸ. ಸ್ಟೋರಿಗೂ ಪರೀಕ್ಷಾ ಕೋಣೆಗೂ ನಡುವೆ ಇದ್ದದ್ದು ಒಂದು ಗಾಜಿನ ಕಿಟಕಿ. ಹಾಗಾಗಿ ಇಪ್ಪತ್ತೆರಡು ವರ್ಷ ಆಕೆಯ ಕೆಲಸ ನನ್ನ ಕಣ್ಣೆದುರೇ ನಡೆಯಿತು.

ಆ ಕೋಣೆಯಲ್ಲಿ ನಾಲ್ಕು ಮೆಷಿನ್‌ಗಳು ಬೆಳಗಿನಿಂದ ಸಂಜೆಯವರೆಗೆ ಬಟ್ಟೆಯಿಲ್ಲದೆ ಬರೀ ನೀರನ್ನು ಒಗೆಯುತ್ತಿರುತ್ತಿದ್ದವು. ಒಂದು ಕಬ್ಬಿಣದ ತೋಳು ಮುಚ್ಚಳವನ್ನು ತೆಗೆಯುತ್ತಿತ್ತು, ಮುಚ್ಚುತ್ತಿತ್ತು. ಗೋಡೆಯ ಮೇಲೆ ಅಂಕಿ ಏರುತ್ತಿತ್ತು. ಹತ್ತು ಸಾವಿರಕ್ಕೆ ಮೊದಲೇ ಕೀಲು ಕಿತ್ತುಬಂದರೆ ಫೇಲ್. ಇದು ಯಂತ್ರ ಮಾಡುವ ಪರೀಕ್ಷೆ. ಮುರುಕಮ್ಮನ ಪರೀಕ್ಷೆ ಬೇರೆಯೇ ಇತ್ತು. ಒಂದು ಮಗ್ಗಿನಲ್ಲಿ ಸೋಪಿನ ನೀರು ಇಟ್ಟುಕೊಂಡು ಕೈ ಅದ್ದಿ, ಆ ಕೈಯಲ್ಲೇ ಎಲ್ಲ ಗುಂಡಿಗಳನ್ನೂ ತಿರುಗಿಸುತ್ತಿದ್ದಳು, ಒತ್ತುತ್ತಿದ್ದಳು. "ಬಟ್ಟೆ ಒಗೆಯೋರ ಕೈ ಯಾವತ್ತಾದ್ರೂ ಒಣಗಿರುತ್ತಾ?" ಎನ್ನುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಅದನ್ನೇ ಇನ್ನೊಮ್ಮೆ. ಒಳ್ಳೆಯ ವಸ್ತು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗಬೇಕು ಎಂಬುದು ಆಕೆಯ ನಂಬಿಕೆ. ನಿಯಮದ ಹಾಳೆಯಲ್ಲಿ ಎಲ್ಲೂ ಒದ್ದೆ ಕೈ ಎಂಬ ಮಾತಿರಲಿಲ್ಲ. ಯಾರೂ ಕೇಳದಿದ್ದರೂ ಆಕೆ ಮಾಡುತ್ತಿದ್ದಳು, ಅಷ್ಟೆ.

ಹೊಸ ಮಾದರಿ ಬಂದಾಗಲೆಲ್ಲ ವಿನ್ಯಾಸ ಮಾಡಿದವರು ಮೊದಲ ದಿನ ಮಗುವನ್ನು ಶಾಲೆಗೆ ಬಿಟ್ಟ ತಾಯಂದಿರ ಹಾಗೆ ಬಾಗಿಲಲ್ಲೇ ನಿಂತಿರುತ್ತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದು. ನೀವು ಹೋಗಿ, ನಾನು ನೋಡ್ಕೋತೀನಿ" ಎಂದು ಆಕೆ ಕಳಿಸಿಬಿಡುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅವರು ಗೊಣಗುತ್ತಾ ಹೋಗುತ್ತಿದ್ದರು.

ಮೆಷಿನ್ನಿನ ಮುಂಭಾಗದ ತಿರುಗುವ ಗುಂಡಿಗಳು, ನಾವು ನಾಬ್ ಎನ್ನುವವು, ಬರುತ್ತಿದ್ದದ್ದು ಆಕೆಯ ಮೈದುನನ ಶೆಡ್ಡಿನಿಂದ. ಕಾರ್ಖಾನೆಯಿಂದ ಮೂರು ಬೀದಿ ಆಚೆ ಅವನದು ಪ್ಲಾಸ್ಟಿಕ್ ಎರಕದ ಶೆಡ್. ಎರಡು ಯಂತ್ರ, ಹನ್ನೊಂದು ಜನ. ಆಕೆ ಮದುವೆಯಾಗಿ ಬಂದಾಗ ಅವನಿನ್ನೂ ಹೈಸ್ಕೂಲು. ಅವನ ಡಬ್ಬಿ ಕಟ್ಟಿ ಕಳಿಸಿದವಳು ಈಕೆಯೇ. ಶೆಡ್ ಶುರು ಮಾಡಿ ಅವನು ಮೊದಲ ಸಲ ತಂದ ನಾಬನ್ನು ಆಕೆ ಎರಡೇ ದಿನದಲ್ಲಿ ಮುರಿದಿದ್ದಳು. ಮುಖ ಊದಿಸಿಕೊಂಡು ಹೋದವನು ಅಚ್ಚು ತಿದ್ದಿಕೊಂಡು ಬಂದ. ಮೂರನೇ ಸಲಕ್ಕೆ ಪಾಸಾದ. ಆಮೇಲೆ ಹದಿನಾಲ್ಕು ವರ್ಷ ಅವನ ಮಾಲಿನ ಬಗ್ಗೆ ಯಾರೂ ಬೆರಳು ತೋರಿಸಲಿಲ್ಲ.

ಆಮೇಲೆ ಬಂದದ್ದು ಗಾಜಿನ ಮಾದರಿ. ಮುಂಭಾಗದಲ್ಲಿ ನಾಬ್ ಇಲ್ಲ, ಗುಂಡಿ ಇಲ್ಲ, ಕಪ್ಪನೆಯ ನುಣುಪಾದ ಗಾಜು. ಮುಟ್ಟಿದರೆ ಒಳಗಿನಿಂದ ಬಿಳಿ ಅಕ್ಷರಗಳು ಬೆಳಗುತ್ತಿದ್ದವು. ಅದನ್ನು ರೂಪಿಸಿದವಳು ಮುಖ್ಯ ಕಚೇರಿಯ ಒಬ್ಬ ಯುವತಿ, ಚುರುಕಿನ ಹೆಣ್ಣು. ನಮ್ಮೆಲ್ಲರಿಗೂ ಅದು ಕಣ್ಣಿಗೆ ಹಬ್ಬದಂತಿತ್ತು, ಮುರುಕಮ್ಮನಿಗೂ. "ಚೆಂದ ಇದೆ ಕಣಮ್ಮ" ಎಂದು ಆಕೆ ಮನಸಾರೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹತ್ತಾರು ಬಿಡಿಭಾಗಗಳ ಬದಲು ಒಂದೇ ಫಲಕ, ಜೋಡಿಸಲು ಅರ್ಧ ಸಮಯ, ಅಂಗಡಿಯಲ್ಲಿ ನೋಡಿದವರು ಹೆಚ್ಚು ಕೊಡಲು ಸಿದ್ಧ ಎಂದು ಕಚೇರಿಯವರು ವಿವರಿಸಿದರು.

ಅವರೆಲ್ಲ ಊಟಕ್ಕೆ ಹೋದ ಮೇಲೆ ಮುರುಕಮ್ಮ ಅಭ್ಯಾಸಬಲದಿಂದ ಮಗ್ಗಿನಲ್ಲಿ ಕೈ ಅದ್ದಿ ಗಾಜನ್ನು ಮುಟ್ಟಿದಳು. ಅಕ್ಷರಗಳು ಬೆದರಿದ ಮೀನಿನ ಮರಿಗಳ ಹಾಗೆ ಚೆದುರಿದವು. ಇನ್ನೊಮ್ಮೆ ಮುಟ್ಟಿದಳು. ಮೆಷಿನ್ ತನಗೆ ತೋಚಿದ್ದನ್ನು ಶುರುಮಾಡಿತು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಕಿಟಕಿಯಾಚೆಗಿದ್ದ ನನ್ನನ್ನು ನೋಡಿದಳು. ನಾನೂ ನೋಡಿದೆ.

ಸುದ್ದಿ ಮೂರು ಬೀದಿ ದಾಟುವುದಕ್ಕೆ ಎಷ್ಟು ಹೊತ್ತು? ಭಾನುವಾರ ಬೆಳಿಗ್ಗೆ ಮೈದುನ ಅಣ್ಣನ ಮನೆಗೆ ಬಂದ. ಮುರುಕಮ್ಮ ಹಾಲ್‌ನಲ್ಲಿ ಬಟ್ಟೆ ಮಡಿಸುತ್ತಿದ್ದಳು. ಆಕೆಯ ಗಂಡ, ಬಸ್ ಡಿಪೋದ ಮೆಕ್ಯಾನಿಕ್, ಪೇಪರ್ ಓದುತ್ತಿದ್ದ.

"ಅತ್ತಿಗೆ, ಗಾಜಿಂದು ನಿಮ್ಮ ಕೈಗೇ ಬಂದಿದ್ಯಂತೆ?"

"ಬಂದಿದೆ."

"ಹೇಗಿದೆ?"

"ಕಾರ್ಖಾನೆ ಮಾತು ಮನೇಲಿ ಆಡಲ್ಲ ಅಂತ ಗೊತ್ತಲ್ಲ ನಿಂಗೆ."

ಅವನು ಒಂದು ಟವೆಲ್ ಎತ್ತಿಕೊಂಡು ಮಡಿಸತೊಡಗಿದ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ. "ಫೇಲ್ ಅಂತ ಬರೀರಿ ಅತ್ತಿಗೆ. ಸುಳ್ಳು ಬರೀರಿ ಅಂತಿಲ್ಲ. ಏನಾದ್ರೂ ಒಂದು ಐಬು ಇದ್ದೇ ಇರುತ್ತೆ. ನೀವು ಹುಡುಕಿದ್ರೆ ಸಿಗದೇ ಇರೋದು ಯಾವುದಿದೆ? ಹನ್ನೊಂದು ಮನೆ ಒಲೆ ಅದರ ಮೇಲಿದೆ."

ಆಕೆ ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. ಅವನು ಅಣ್ಣನ ಕಡೆ ತಿರುಗಿದ. ಅಣ್ಣ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ, "ನನ್ನನ್ನ ಎರಡು ಕಲ್ಲಿನ ಮಧ್ಯೆ ಹಾಕಿ ಅರೀಬೇಡಿ ಮಾರಾಯ್ರಾ" ಎಂದ.

ಆ ಇಡೀ ದಿನ ತನ್ನನ್ನು ಕಾಡಿದ್ದನ್ನು ಆಕೆ ಮುಂದೊಮ್ಮೆ ನನಗೆ ಹೇಳಿದಳು. ಮೈದುನ ಕೇಳದೇ ಇದ್ದಿದ್ದರೆ ಸೋಮವಾರ ಕಣ್ಣು ಮುಚ್ಚಿ ಫೇಲ್ ಎಂದು ಬರೆಯುತ್ತಿದ್ದಳಂತೆ. ಕೇಳಿಬಿಟ್ಟನಲ್ಲ, ಈಗ ಪೆನ್ನು ಹಿಡಿಯುವ ಕೈ ತನ್ನದೋ ಅವನದೋ ಎಂಬ ಅನುಮಾನ ಹೊಕ್ಕಿತು.

ಸೋಮವಾರ ಆಕೆ ನೇರ ಮ್ಯಾನೇಜರ್ ಬಳಿ ಹೋದಳು. ನಾನು ಅಲ್ಲೇ ಒಂದು ಸಹಿಗಾಗಿ ನಿಂತಿದ್ದೆ.

"ಸಾರ್, ಗಾಜಿನ ಮಾದರೀನ ನಾನು ಪರೀಕ್ಷೆ ಮಾಡಲ್ಲ. ಇನ್ನೊಬ್ಬರಿಗೆ ಕೊಡಿ."

"ಯಾಕಮ್ಮ, ಏನಾಯ್ತು?"

"ನಾಬ್ ಮಾಡೋನು ನನ್ನ ಮೈದುನ."

"ಅದು ಇಡೀ ಕಾರ್ಖಾನೆಗೆ ಗೊತ್ತಿರೋದೇ. ಇಷ್ಟು ವರ್ಷ ನಿಮ್ಮನ್ನ ಯಾರಾದ್ರೂ ಏನಾದ್ರೂ ಅಂದಿದಾರಾ?"

"ಇಷ್ಟು ವರ್ಷ ಅವನೂ ನನ್ನ ಏನೂ ಕೇಳಿರಲಿಲ್ಲ ಸಾರ್. ಈಗ ನಾನು ಫೇಲ್ ಅಂತ ಬರೆದ್ರೆ ಮೈದುನನಿಗೋಸ್ಕರ ಬರೆದ್ಲು ಅಂತಾರೆ. ಪಾಸ್ ಅಂತ ಬರೆದ್ರೆ, ಜನರ ಬಾಯಿಗೆ ಹೆದರಿ ಬರೆದೆ ಅಂತ ನನಗೇ ಅನ್ಸುತ್ತೆ."

ಮ್ಯಾನೇಜರ್ ಆಯ್ತು ಎಂದರು. ಗಾಜಿನ ಪರೀಕ್ಷೆ ಆ ಕೋಣೆಯ ಇನ್ನೊಬ್ಬನ ಪಾಲಿಗೆ ಹೋಯಿತು. ಅವನು ಒಳ್ಳೆಯವನು, ಹಾಳೆಯಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಮಾಡುವವನು, ಹಾಳೆಯಲ್ಲಿಲ್ಲದ್ದನ್ನು ಮಾಡದವನು. ರಬ್ಬರಿನ ಒಣ ಬೆರಳು ಗಾಜನ್ನು ಹತ್ತು ಸಾವಿರ ಸಲ ಮುಟ್ಟಿತು. ಗಾಜು ಹತ್ತು ಸಾವಿರ ಸಲವೂ ಓಗೊಟ್ಟಿತು. ಪಾಸ್. ಮುರುಕಮ್ಮ ಪಕ್ಕದ ಮೇಜಿನಲ್ಲಿ ನೀರಿನ ಪೈಪುಗಳನ್ನು ಬಗ್ಗಿಸುತ್ತಾ ಕುಳಿತಿದ್ದಳು. ಆ ಎರಡು ವಾರ ಸೋಪಿನ ನೀರಿನ ಮಗ್ಗನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಗಾಜಿನ ಮೆಷಿನ್ ಮಾರುಕಟ್ಟೆಗೆ ಹೋಯಿತು, ಚೆನ್ನಾಗಿಯೇ ಮಾರಾಟವಾಯಿತು. ಸ್ಟೋರಿಗೆ ಬರುತ್ತಿದ್ದ ನಾಬ್ ಪೆಟ್ಟಿಗೆಗಳು ವಾರಕ್ಕೆ ಆರರಿಂದ ಎರಡಕ್ಕೆ ಇಳಿದವು. ಮೈದುನ ಆರು ಜನರನ್ನು ಮನೆಗೆ ಕಳಿಸಬೇಕಾಯಿತು. ಅವರಲ್ಲಿ ಇಬ್ಬರು ನಮ್ಮಲ್ಲೇ ಗಾಜು ಕೂರಿಸುವ ಸಾಲಿಗೆ ಸೇರಿಕೊಂಡರು. ಒಬ್ಬ ಮನೆಮನೆಗೆ ಪಾರ್ಸೆಲ್ ಹಂಚಲು ಹೋದ. ಅಚ್ಚು ಉಜ್ಜುತ್ತಿದ್ದ ಹೆಂಗಸು ಟೈಲರಿಂಗ್‌ಗೆ ಹೋದಳು. ಉಳಿದಿಬ್ಬರು ಏನಾದರೆಂದು ನನಗೆ ತಿಳಿಯದು. ಮೈದುನ ಅಣ್ಣನ ಮನೆಗೆ ಬರುವುದನ್ನು ನಿಲ್ಲಿಸಿದ. ಬೀದಿಯಲ್ಲಿ ಎದುರಾದರೆ ಅತ್ತಿಗೆಯನ್ನು ನೋಡಿಯೂ ನೋಡದವನಂತೆ ಸ್ಕೂಟರ್ ತಿರುಗಿಸಿಕೊಂಡು ಹೋಗುತ್ತಿದ್ದ. ಊಟದ ಹೊತ್ತಿನಲ್ಲಿ ಆಕೆ ಡಬ್ಬಿ ಮುಚ್ಚಿ ಬೇಗ ಎದ್ದುಬಿಡುತ್ತಿದ್ದಳು.

ಆರು ತಿಂಗಳಿಗೆ ಮೆಷಿನ್‌ಗಳು ವಾಪಸ್ ಬರತೊಡಗಿದವು. ಮೊದಲು ಒಂದೊಂದು, ಆಮೇಲೆ ಲಾರಿಯಲ್ಲಿ. ಸ್ಟೋರಿನ ಅಂಗಳದಲ್ಲಿ ನಾನೇ ಇಳಿಸಿಕೊಂಡೆ. ಕೆಲವು ಹಾಳಾಗಿದ್ದವು, ಹೆಚ್ಚಿನವು ಹಾಳಾಗಿರಲೇ ಇಲ್ಲ, ಮಾಲೀಕರ ಮಾತು ಕೇಳುತ್ತಿರಲಿಲ್ಲ. ಹಾಳಾದವಕ್ಕೆ ಇಡೀ ಫಲಕವನ್ನೇ ಬದಲಿಸಬೇಕಿತ್ತು, ಅದರ ಬೆಲೆ ಮೆಷಿನ್ನಿನ ಮೂರನೇ ಒಂದು ಭಾಗ. "ಹಲ್ಲು ನೋವಿಗೆ ತಲೆ ಬದಲಾಯಿಸು ಅಂದ ಹಾಗಾಯ್ತು" ಎಂದಳು ಮುರುಕಮ್ಮ. ಆದರೆ ಆ ಮಾತಿನಲ್ಲಿ ಗೆದ್ದವಳ ಸಂತೋಷವಿರಲಿಲ್ಲ.

ಗಾಜು ರೂಪಿಸಿದ ಯುವತಿ ಧಾವಿಸಿ ಬಂದಳು. ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮೆಷಿನ್‌ಗಳ ನಡುವೆ ಒಬ್ಬಳೇ ಓಡಾಡಿದಳು. ಒಂದರ ಗಾಜಿನ ಮೇಲೆ ಯಾರೋ ಉಗುರು ಬಣ್ಣದ ಚುಕ್ಕೆ ಇಟ್ಟಿದ್ದರು. ಇನ್ನೊಂದರ ಮೇಲೆ ಅಂಗಿಯ ಮೂರು ಗುಂಡಿಗಳನ್ನು ಅಂಟಿಸಿದ್ದರು. ಕಣ್ಣು ಮಂಜಾದ ಯಾರೋ ಬೆರಳಿನಿಂದ ತಡವಿ ಜಾಗ ಗುರುತಿಸಲು ಮಾಡಿಕೊಂಡ ಉಪಾಯ ಅದು. ಆ ಗುಂಡಿಗಳನ್ನು ಮುಟ್ಟುತ್ತಾ ಅವಳು ಬಹಳ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಮುರುಕಮ್ಮನ ಎದುರಿನ ಸ್ಟೂಲಿನಲ್ಲಿ ಕುಳಿತಳು.

"ಅಕ್ಕಾ, ನಿಜ ಹೇಳಿ. ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲ ದಿನವೇ ಒದ್ದೆ ಕೈಯಲ್ಲಿ ಮುಟ್ಟಿ ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನೇನು ನಿಮ್ಮ ಶತ್ರುವಾ?"

ಮುರುಕಮ್ಮ ಮೈದುನನ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಯುವತಿ ಕೇಳಿಸಿಕೊಂಡಳು. "ಪರೀಕ್ಷೆ ಬಿಟ್ಟುಕೊಟ್ಟಿದ್ದು ಸರಿ ಅಕ್ಕಾ. ಆದರೆ ಬಾಯಿ ಬಿಡಬಹುದಿತ್ತಲ್ಲ. ನಾಬ್ ಮಾಡೋರು ನನ್ನವರು, ಅದನ್ನ ಲೆಕ್ಕಕ್ಕಿಟ್ಟುಕೊಂಡು ಕೇಳಿ ಅಂತ ಹೇಳಿ, ಕಂಡದ್ದನ್ನ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು" ಎಂದಳು ಮುರುಕಮ್ಮ. "ನನ್ನ ಕೈ ಶುದ್ಧ ಇರಲಿ ಅಂತ ನೋಡ್ಕೊಂಡೆ. ಬಟ್ಟೆ ಒಗೆಯೋರ ಕೈ ಮರೆತುಬಿಟ್ಟೆ."

ಕಿಟಕಿಯ ಈಚೆ ನಿಂತಿದ್ದ ನನಗೂ ಆ ಮಾತು ತಾಗಿತು. ನೋಡಿದವನು ನಾನೂ ಅಲ್ಲವೇ.

ಮುಂದಿನ ತಿಂಗಳು ಮುಖ್ಯ ಕಚೇರಿಯವರ ಸಭೆಗೆ ಯುವತಿ ಆಕೆಯನ್ನು ಕರೆದೊಯ್ದಳು. ಜೀವಮಾನದಲ್ಲಿ ಮೈಕ್ ಹಿಡಿಯದವಳು. ಮೊದಲ ಮಾತೇ, "ನಾಬ್ ಮಾಡೋನು ನನ್ನ ಮೈದುನ, ಅದು ತಿಳ್ಕೊಂಡು ನನ್ನ ಮಾತು ಕೇಳಿ" ಎಂದಾಗಿತ್ತಂತೆ. ಆಮೇಲೆ ಆಕೆ ಹೇಳಿದ್ದು ಇಷ್ಟು: ಗಾಜು ಬೇಡ ಎನ್ನುತ್ತಿಲ್ಲ, ತನ್ನ ಫೋನೂ ಗಾಜಿನದೇ, ಅದಿಲ್ಲದೆ ತನಗೂ ದಿನ ಹೋಗುವುದಿಲ್ಲ. ಆದರೆ ಫೋನನ್ನು ಕೈ ಒರೆಸಿಕೊಂಡು ಮುಟ್ಟುತ್ತೇವೆ; ಮೆಷಿನ್ ಮುಂದೆ ಅಷ್ಟು ಪುರುಸೊತ್ತು ಯಾರಿಗಿದೆ? ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಒಂದು ದಿನ ಚೆಂದ ಕಂಡರೆ ಸಾಲದು, ಮನೆಯಲ್ಲಿ ಹತ್ತು ವರ್ಷ ಅದನ್ನು ಮುಟ್ಟುವವರ ಕೈಗೂ ಒಗ್ಗಬೇಕು. ಕೆಟ್ಟ ಭಾಗವೊಂದನ್ನೇ ಬಿಚ್ಚಿ ಹಾಕುವಂತಿರಬೇಕು.

ಆ ಸಭೆಯಿಂದ ಹೊಸ ಮಾದರಿ ಹುಟ್ಟಿತು. ಗಾಜು ಇತ್ತು, ಆದರೆ ಎರಡು ತುಂಡಾಗಿ, ಬೇರೆ ಬೇರೆ ಬಿಚ್ಚುವಂತೆ. ನಡುವೆ ಒಂದು ದಪ್ಪನೆಯ ನಾಬ್, ತಿರುಗಿಸಿದರೆ ಕಟ್ ಕಟ್ ಎಂದು ಬೆರಳಿಗೆ ಲೆಕ್ಕ ಹೇಳುವಂಥದ್ದು. ನಿಯಮದ ಹಾಳೆಗೂ ಒಂದು ಸಾಲು ಸೇರಿತು: ಸೋಪಿನ ನೀರಿನಲ್ಲಿ ಅದ್ದಿದ ಕೈಯಿಂದ ಇನ್ನೂರು ಸಲ.

ಆದರೆ ಆ ನಾಬ್ ಮಾಡುವ ಆರ್ಡರ್ ಮೈದುನನಿಗೆ ಸಿಗಲಿಲ್ಲ. ಒಳಗೆ ಲೋಹದ ಹಲ್ಲಿದ್ದ ನಾಬ್ ಅದು. ದೂರದ ಒಂದು ದೊಡ್ಡ ಕಂಪನಿ ಕಡಿಮೆ ಬೆಲೆಗೆ ಒಪ್ಪಿಕೊಂಡಿತು. ಬೇರೆಯವರ ಬಾಯಿಂದ ಅವನಿಗೆ ತಿಳಿಯಬಾರದೆಂದು ಮುರುಕಮ್ಮ ತಾನೇ ಶೆಡ್ಡಿಗೆ ಹೋದಳು. ಹತ್ತು ತಿಂಗಳ ಮೇಲೆ ಅತ್ತಿಗೆ ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವನು ಯಂತ್ರ ನಿಲ್ಲಿಸಿದ.

"ನಾಬ್ ವಾಪಸ್ ಬಂತು ಕಣೋ. ನಿನಗೆ ಬರಲಿಲ್ಲ."

ಅವನು ಕೈಗೆ ಮೆತ್ತಿದ್ದ ಪ್ಲಾಸ್ಟಿಕ್ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಅವತ್ತು ನಾನು ಹಾಗೆ ಕೇಳಬಾರದಿತ್ತು ಅತ್ತಿಗೆ. ಕೇಳದೇ ಇದ್ದಿದ್ರೆ ನೀವು ನಿಮ್ಮ ಪಾಡಿಗೆ ಫೇಲ್ ಅಂತ ಬರೀತಿದ್ರಿ, ಅಲ್ವಾ?"

"ಬರೀತಿದ್ದೆ."

"ನನ್ನ ಬಾಯಿಂದಲೇ ನನ್ನ ಕೆಲಸ ಕೆಡ್ತು" ಎಂದು ಅವನು ನಕ್ಕ. ನಗು ಪೂರ್ತಿ ಬರಲಿಲ್ಲ. ಆಮೇಲೆ ಒಳಗಿನಿಂದ ಕುರ್ಚಿ ತಂದು ಹಾಕಿದ. ಆಕೆ ಕುಳಿತಳು. ಆ ಮಧ್ಯಾಹ್ನ ಆಕೆಯೇ ಒಂದು ಮಾತು ಹೇಳಿದಳು: ಹದಿನಾಲ್ಕು ವರ್ಷದ ಹಳೆಯ ಮೆಷಿನ್‌ಗಳು ಲಕ್ಷಗಟ್ಟಲೆ ಮನೆಗಳಲ್ಲಿ ಇನ್ನೂ ತಿರುಗುತ್ತಿವೆ, ಅವುಗಳ ನಾಬ್ ಒಡೆದರೆ ಕೊಳ್ಳಲು ಎಲ್ಲೂ ಸಿಗುತ್ತಿಲ್ಲ; ಅಚ್ಚುಗಳು ಇರುವುದು ನಿನ್ನೊಬ್ಬನ ಬಳಿ.

ಅವನು ರಿಪೇರಿ ಅಂಗಡಿಗಳನ್ನು ಸುತ್ತಿದ. ಮೊದಲು ಒಂದು ಮಾದರಿಯ ನಾಬ್, ಆಮೇಲೆ ನಾಲ್ಕು, ಆಮೇಲೆ ಮುಚ್ಚಳದ ಕೀಲು, ನೀರಿನ ಜಾಲರಿ. ಮೊದಲಿನ ಭರಾಟೆ ಇಲ್ಲ, ನಿಂತುಹೋಗುವ ಭಯವೂ ಇಲ್ಲ. ಕೆಲಸ ಕಳೆದುಕೊಂಡು ಹೋದವರಲ್ಲಿ ಅಚ್ಚು ಉಜ್ಜುವ ಹೆಂಗಸು ಒಬ್ಬಳೇ ಹಿಂದಿರುಗಿದಳು.

ಮುರುಕಮ್ಮ ಹೋದ ವರ್ಷ ನಿವೃತ್ತಳಾದಳು. ವಾರಕ್ಕೆ ಮೂರು ದಿನ ಶೆಡ್ಡಿಗೆ ಹೋಗಿ ಕೂರುತ್ತಾಳೆ. ವಿನ್ಯಾಸದ ಯುವತಿ ಆಗಾಗ ಫೋನ್ ಮಾಡಿ, ಈಗ ರೂಪಿಸುತ್ತಿರುವ ಫ್ಯಾನಿನ ಬಗ್ಗೆ ಆಕೆಯ ಅಭಿಪ್ರಾಯ ಕೇಳುತ್ತಾಳೆ. ಹೊಸಬನೊಬ್ಬ ಸೇರಿ ಶೆಡ್ಡಿನಲ್ಲಿ ಈಗ ಏಳು ಜನ. ಎಂಟನೆಯವರನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಅತ್ತಿಗೆ ಮೈದುನರ ನಡುವೆ ವಾದ ನಡೆದಿದೆ.