ಅಪ್ಪನ ಹಾಸಿಗೆ ಬೆಚ್ಚಗಿತ್ತು

ಬೆಕ್ಕನ್ನು ಹಾಸಿಗೆಗೆ ಬಿಟ್ಟುಕೊಳ್ಳಬಹುದೇ ಎಂದು ಪಕ್ಕದ ಮನೆಯಾಕೆ ಕೇಳಿದರು. ಅವರ ಮೊಮ್ಮಗಳು ಮರಿಯೊಂದನ್ನು ತಂದಿದ್ದಾಳಂತೆ. ಇಂಥ ಪ್ರಶ್ನೆಗಳಿಗೆ ನಾನು ತಡಮಾಡುವವಳಲ್ಲ. ಈ ವಯಸ್ಸಿನಲ್ಲೂ ಐದಕ್ಕೆ ಏಳುತ್ತೇನೆ, ಐದೂ ಹತ್ತಕ್ಕೆ ಹಾಸಿಗೆ ಸುತ್ತಿಡುತ್ತೇನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತೇನೆ. ಆದರೂ ಆ ದಿನ "ಯೋಚಿಸಿ ಹೇಳ್ತೇನೆ" ಎಂದುಬಿಟ್ಟೆ. ಈ ಒಂದು ವಿಷಯವನ್ನು ಒಂಬತ್ತನೆಯ ವಯಸ್ಸಿನಿಂದ ಯೋಚಿಸುತ್ತಲೇ ಇದ್ದೇನೆ.

ನಮ್ಮದು ಕಾಟ್ಟಿಕುಳಂನಿಂದ ಒಂದು ಗಂಟೆ ನಡೆದರೆ ಸಿಗುತ್ತಿದ್ದ ಜೈನರ ಮನೆ. ಒಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಭತ್ತದ ಕಣಜಕ್ಕೆ ಇಲಿಗಳು ಬರುತ್ತಿದ್ದವು. ಇಲಿ ಕೊಲ್ಲುವುದು ನಮಗೆ ಪಾಪ. ಬೆಕ್ಕು ಸಾಕಿ ಕೊಲ್ಲಿಸುವುದೂ ಪಾಪವೇ. ಅವ್ವ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. "ನಾವೆಲ್ಲಿ ಸಾಕಿದ್ದು? ಅದು ಬಂತು, ಉಳಕೊಂಡ್ತು" ಎನ್ನುತ್ತಿದ್ದಳು. ಅಪ್ಪ ವಾದಕ್ಕೆ ಹೋಗದೆ ನಿಯಮವೊಂದನ್ನು ಹಾಕಿದರು: ಬೆಕ್ಕು ಒಲೆಯ ಬದಿಯವರೆಗೆ ಬರಲಿ, ಹಾಸಿಗೆ ಹತ್ತಕೂಡದು. ಜೀವ ತೆಗೆದು ಬಂದ ಬಾಯಿ ಅದು.

ನನಗೆ ಒಂಬತ್ತಾದ ವರ್ಷದ ಮಳೆಗಾಲದಿಂದ ಬೆಕ್ಕು ನನ್ನ ಕಾಲ ಬಳಿ ಮಲಗುತ್ತಿತ್ತು. ಐದಕ್ಕೆ ಮೊದಲೇ ಅದನ್ನು ಕಿಟಕಿಯಿಂದ ಹೊರಗೆ ಬಿಡುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಕಾಡಂಚಿನ ಆದಿವಾಸಿಗಳ ಹಾಡಿಯಿಂದ ನಮ್ಮ ಗದ್ದೆಗೆ ಒಬ್ಬ ಆಳು ಬರುತ್ತಿದ್ದ. ಅವನ ಅಪ್ಪನೂ ನಮ್ಮಲ್ಲೇ ದುಡಿದವನು. ಇಬ್ಬರೂ ಅಂಗಳದಲ್ಲಿ ನಿಂತೇ ಗಂಜಿ ಕುಡಿದವರು, ಜಗುಲಿಯ ಮೆಟ್ಟಿಲು ಹತ್ತಿದವರಲ್ಲ. ಬೆಕ್ಕಿಗಾದರೂ ಒಲೆಯ ಬದಿಯವರೆಗೆ ಅಪ್ಪಣೆಯಿತ್ತು. ಆ ವರ್ಷ ಅವನು ಕೂಲಿ ಹೆಚ್ಚು ಮಾಡಿ ಎಂದು ಅಪ್ಪನ ಮುಖ ನೋಡಿ ಕೇಳಿದ. ಅಪ್ಪ ಆಗುವುದಿಲ್ಲ ಎಂದರು. ಮಾರನೆಯ ದಿನದಿಂದ ಅವನು ಬರಲಿಲ್ಲ. ಕೆಂಪು ಬಾವುಟದವರ ಜೊತೆ ಕಾಡು ಸೇರಿದ್ದಾನೆ ಎಂದು ಜನ ಹೇಳಿದರು. ಜಮೀನಿದ್ದವರಿಗೆ ಕಾಡಿನವರ ಭಯ, ಹಾಡಿಯವರಿಗೆ ಪೊಲೀಸರ ಭಯ. ಆಮೇಲಾಮೇಲೆ ಎಲ್ಲರಿಗೂ ಪೊಲೀಸರ ಭಯ. ಆಚೆ ಗುಡ್ಡದ ರೈತರೊಬ್ಬರನ್ನು, ಯಾರಿಗೋ ಅನ್ನ ಹಾಕಿದ್ದರೆಂದು ಪೊಲೀಸರು ಜೀಪು ಹತ್ತಿಸಿಕೊಂಡು ಹೋಗಿದ್ದರು. ಅವರು ತಿರುಗಿ ಬಂದ ಮೇಲೆ ಗೋಡೆ ಹಿಡಿಯದೆ ನಡೆಯಲಿಲ್ಲ.

ಒಂದು ಬೆಳಿಗ್ಗೆ ಏಳು ಗಂಟೆಗೆ, ಆ ಆಳನ್ನು ಹುಡುಕಿಕೊಂಡು ಜೀಪು ನಮ್ಮ ಅಂಗಳಕ್ಕೆ ಬಂತು. ಅದಕ್ಕೂ ಮೊದಲೇ ನನಗೆ ಮನೆಯಲ್ಲಿ ಏನೋ ಸರಿಯಿಲ್ಲ ಎನಿಸಿತ್ತು. ಜಗುಲಿ ಪಕ್ಕದ ಕೋಣೆಯಲ್ಲಿ ಅಪ್ಪನ ಮಂಚದ ಮೇಲೆ ಹಾಸಿಗೆ ಇನ್ನೂ ಹಾಸಿಯೇ ಇತ್ತು. ಜ್ವರ ಬಂದ ದಿನವೂ ಅಪ್ಪ ಐದೂ ಹತ್ತಕ್ಕೆ ಅದನ್ನು ಸುತ್ತಿಟ್ಟವರು.

ಪೇದೆಯೊಬ್ಬ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಅಂಗೈ ಇಟ್ಟ. "ಸಾರೇ, ಚೂಡುಂಡ್" ಎಂದ. ಬಿಸಿ ಇದೆ ಎಂದು. ಅವರಾಡಿದ್ದೆಲ್ಲ ಮಲಯಾಳದಲ್ಲೇ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಬಿಟ್ಟಿದೆ.

ಇನ್ಸ್‌ಪೆಕ್ಟರ್ ಜಗುಲಿಯ ಬೆಂಚಿನಲ್ಲಿ ಕೂತಿದ್ದರು. "ಎಲ್ರೂ ಐದಕ್ಕೇ ಎದ್ವಿ ಅಂದ್ರಲ್ಲ ಗೌಡರೇ. ಇಲ್ಲಿ ಮಲಗಿದ್ದೋರು ಯಾರು?"

"ಪೂಚ" ಎಂದರು ಅಪ್ಪ.

"ಬೆಕ್ಕಾ?"

"ಮಲಗಿತ್ತು. ಎಬ್ಬಿಸೋದು ಬೇಡ ಅಂತ ಹಾಸಿಗೆ ಸುತ್ತಲಿಲ್ಲ."

ಪೇದೆ ದಿಂಬು ಮೂಸಿ ನಕ್ಕುಬಿಟ್ಟ. "ಬೀಡಿ ಸೇದುತ್ತಾ ನಿಮ್ಮ ಬೆಕ್ಕು?"

ಇನ್ಸ್‌ಪೆಕ್ಟರ್ ನಗಲಿಲ್ಲ. "ತರಿಸಿ. ಹಾಸಿಗೆ ಮೇಲೆ ಬಿಡಿ. ಅಭ್ಯಾಸ ಇದ್ರೆ ಮಲಗುತ್ತೆ. ಇಲ್ಲಾಂದ್ರೆ ಅಂಗಿ ಹಾಕ್ಕೊಂಡು ನೀವು ಹೊರಡಿ."

"ಮಗಾ, ಬೆಕ್ಕು ತಗೊಂಬಾ" ಎಂದರು ಅಪ್ಪ. ನನ್ನ ಕಡೆ ನೋಡಲಿಲ್ಲ.

ಅದು ಒಲೆಯ ಬದಿಯಲ್ಲಿ ಬೂದಿಗೆ ಮೈಯೊತ್ತಿ ಮಲಗಿತ್ತು. ಅವ್ವ ನೀರು ಸೋಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಎತ್ತಿಕೊಂಡು ಬರುವಾಗ ನನ್ನ ಭಯ ಎರಡಾಗಿತ್ತು. ಮಲಗದಿದ್ದರೆ ಅಪ್ಪ ಜೀಪು ಹತ್ತುತ್ತಾರೆ. ಮಲಗಿದರೆ ಇದಕ್ಕೆ ಹಾಸಿಗೆಯ ರೂಢಿ ಮಾಡಿಸಿದವಳು ನಾನೆಂದು ಗೊತ್ತಾಗುತ್ತದೆ. ಯಾವ ಭಯ ದೊಡ್ಡದೆಂದು ಆಗ ತಿಳಿದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಬಿಟ್ಟೆ. ಬೆಕ್ಕು ಮೊದಲು ದಿಂಬಿನ ಕಡೆ ಹೋಗಿ ತುಂಬ ಹೊತ್ತು ಮೂಸಿತು. ಹಿಂದಕ್ಕೆ ಬಂದು ಮುಂಗಾಲುಗಳಿಂದ ಹಾಸಿಗೆಯನ್ನು ಒತ್ತಿ ಒತ್ತಿ ನೋಡಿತು. ಎರಡು ಸುತ್ತು ಸುತ್ತಿ, ನಡುಮಧ್ಯೆ ಮುದುಡಿಕೊಂಡು ಕಣ್ಣು ಮುಚ್ಚಿತು.

ಇನ್ಸ್‌ಪೆಕ್ಟರ್ ಎದ್ದರು. ಟೋಪಿ ಹಾಕಿಕೊಳ್ಳುತ್ತ, "ಬೆಕ್ಕಿಗೆ ಮಂಚ, ಆಳಿಗೆ ಅಂಗಳ. ಅವರು ಬಾವುಟ ಹಿಡೀದೆ ಇನ್ನೇನು ಹಿಡೀತಾರೆ ಗೌಡರೇ?" ಎಂದು ಹೊರಟುಹೋದರು.

ಜೀಪಿನ ಸದ್ದು ಅಡಗಿದ ಮೇಲೆ ಅಪ್ಪ ನನ್ನನ್ನು ಕೇಳಿದರು. "ಎಷ್ಟು ದಿನದಿಂದ?"

"ಮಳೆಗಾಲದಿಂದ."

"ನಾಳೆಯಿಂದ ಬೇಡ."

ಇವತ್ತಿನಿಂದ ಎನ್ನಲಿಲ್ಲ. ಆ ರಾತ್ರಿ ಬೆಕ್ಕು ನನ್ನ ಬಳಿ ಅಪ್ಪಣೆ ಪಡೆದೇ ಮಲಗಿತು. ನನಗೇ ನಿದ್ದೆ ಬರಲಿಲ್ಲ.

ಅವ್ವ ಅದೇ ದಿನ ಅಪ್ಪನ ಹೊದಿಕೆಯನ್ನು ತೋಡಿಗೆ ಒಯ್ದು ಒಗೆದಳು. ಕಾಲಿನ ಕಡೆ ಕೆಸರಾಗಿತ್ತು. "ಬೆಕ್ಕಿನ ಕಾಲು" ಎಂದಳು. ನಾನು ದೊಡ್ಡವಳಾದ ಮೇಲೆ ಅಂದು ಆ ಆಳು ನಮ್ಮ ಮನೆಯಲ್ಲಿದ್ದನೇ ಎಂದು ನೇರವಾಗಿ ಕೇಳಿದೆ. "ನಿಮ್ಮಪ್ಪ ಸುಳ್ಳು ಹೇಳಿದ್ದನ್ನ ನೀ ಯಾವತ್ತಾದ್ರೂ ಕೇಳಿದ್ಯಾ?" ಎಂದು ಅವಳೇ ನನ್ನನ್ನು ಕೇಳಿದಳು. ಕೇಳಿರಲಿಲ್ಲ. ಆದರೆ ಅಪ್ಪ ಬೆಕ್ಕಿಗಾಗಿ ಹಾಸಿಗೆ ಸುತ್ತದೆ ಬಿಟ್ಟದ್ದನ್ನೂ ನೋಡಿರಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಆಳು ತಿರುಗಿ ಬಂದ. ಅಪ್ಪ ಅವನು ಅಂದು ಕೇಳಿದ್ದ ಕೂಲಿಯನ್ನೇ ಕೊಟ್ಟರು. ಅಷ್ಟರಲ್ಲಿ ಊರಿಗೆಲ್ಲ ಅದೇ ಕೂಲಿಯಾಗಿತ್ತು, ಹಾಗಾಗಿ ಅದರಿಂದ ಏನೂ ತಿಳಿಯುವಂತಿರಲಿಲ್ಲ. ಜಗುಲಿಯ ಮೇಲೆ ಕೂರು ಎಂದು ಅಪ್ಪ ಹೇಳಿದರು. ಅವನು "ಬೇಡ" ಎಂದು ಅಂಗಳದಲ್ಲೇ ನಿಂತು ಗಂಜಿ ಕುಡಿದ. ಅಪ್ಪನ ಮಂಚದಲ್ಲಿ ಮಲಗಿ ಎದ್ದವನಾಗಿದ್ದರೆ ಹಾಗೆ ನಿಲ್ಲುತ್ತಿದ್ದನೇ? ಅಥವಾ ಮಲಗಿ ಎದ್ದದ್ದರಿಂದಲೇ ನಿಂತನೇ?

ನನ್ನ ಗೊಂದಲವೆಲ್ಲ ಆ ಪೇದೆಯ ಅಂಗೈಯಲ್ಲಿದೆ. ಬೆಕ್ಕು ಮಲಗಿದ್ದರೆ ಹಾಸಿಗೆಯ ನಡುವೆ ಒಂದು ತಟ್ಟೆಯಷ್ಟು ಜಾಗ ಬೆಚ್ಚಗಿರಬೇಕು. ಮನುಷ್ಯನಾಗಿದ್ದರೆ ದಿಂಬಿನಿಂದ ಕಾಲಿನವರೆಗೆ. ನೆನಪಿನಲ್ಲಿ ಆ ಅಂಗೈ ಕೆಲವು ದಿನ ನಡುವೆಯೇ ನಿಂತಿರುತ್ತದೆ. ಕೆಲವು ದಿನ ಉದ್ದಕ್ಕೂ ಸರಿಯುತ್ತದೆ.

ಹೀಗಾಗಿ, ಈಗ ನನ್ನಲ್ಲಿರುವ ಬೆಕ್ಕನ್ನು ಮೂರು ವಾರದಿಂದ ಹಾಸಿಗೆಗೆ ಬಿಟ್ಟುಕೊಂಡಿದ್ದೇನೆ. ಪರೀಕ್ಷೆಗಾಗಿ ಮಾತ್ರ. ಐದಕ್ಕೆ ನಾನು ಏಳುತ್ತೇನೆ, ಹಾಸಿಗೆ ಸುತ್ತುವುದನ್ನು ತಡೆದು ಆರಕ್ಕೆ ಅದನ್ನು ಎಬ್ಬಿಸುತ್ತೇನೆ. ಅಂಗೈ ಇಟ್ಟು ಗಡಿಯಾರ ನೋಡುತ್ತೇನೆ. ಮಂಜಿನ ದಿನ ಬಿಸಿ ಎಂಟು ನಿಮಿಷ ಉಳಿಯಿತು, ಮೋಡದ ದಿನ ಹದಿನೈದು. ಕಂಬಳಿಯ ಮೇಲೆ ಮಲಗಿದರೆ ಇನ್ನೂ ಹೆಚ್ಚು. ಆ ಬೆಳಿಗ್ಗೆ ಬೆಕ್ಕು ಒಲೆಯ ಬದಿಗೆ ಹೋಗಿ ಎಷ್ಟು ಹೊತ್ತಾಗಿತ್ತೆಂದು ಗೊತ್ತಿಲ್ಲದ ಮೇಲೆ ಈ ನಿಮಿಷಗಳಿಂದ ಏನು ತಿಳಿಯುತ್ತದೆ? ತಿಳಿಯುವುದಿಲ್ಲ ಎಂದು ಗೊತ್ತಿದ್ದೂ ಎಣಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಮತ್ತೆ ಕೇಳಿದರು. "ಯೋಚಿಸಿದ್ರಾ ಟೀಚರ್? ಬಿಡಬಹುದಾ?"

"ಬೇಡ. ಶುರುವಿನಲ್ಲೇ ನಿಯಮ ಮಾಡಿ" ಎಂದೆ, ಗಟ್ಟಿಯಾಗಿ.

ಒಳಗೆ ಬಂದಾಗ ಏಳು ಹೊಡೆಯಿತು. ನನ್ನ ಹಾಸಿಗೆ ಇನ್ನೂ ಹಾಸಿಯೇ ಇತ್ತು. ಆರಕ್ಕೆ ಬೆಕ್ಕನ್ನು ಎಬ್ಬಿಸಲು ಹೋಗಿದ್ದೆ. ಮಲಗಿತ್ತು, ಬೇಡ ಅನ್ನಿಸಿತು.